ಸೈಕಲ್ ಸವಾರರು ಬರುತ್ತಿದ್ದಾರೆ. ದಾರಿ ಗೊತ್ತುಮಾಡುವವರು ಯಾರು?

ಮಳೆ ಹಿಂದಾಗಿ ಮಣ್ಣು ಒಂದಿಷ್ಟು ಗಟ್ಟಿಯಾಯಿತೆಂದರೆ ಸಾಕು, ನಮ್ಮ ಕಡೆಯ ಒಳದಾರಿಗಳಲ್ಲಿ ತಲೆಗೆ ಹೆಲ್ಮೆಟ್, ಕೈಗೆ ಗವಸು ಹಾಕಿಕೊಂಡ ಸೈಕಲ್ ಸವಾರರು ಕಾಣಿಸಿಕೊಳ್ಳುತ್ತಾರೆ. ಈ ಕೆಲವು ವರ್ಷಗಳಿಂದ ಇದು ಹೆಚ್ಚುತ್ತಿರುವುದನ್ನು ಸದಸ್ಯ ಬಾಂಧವರು ಗಮನಿಸಿಯೇ ಇರುತ್ತೀರಿ. ಅವರು ಜೋಗದ ಡಾಂಬರು ರಸ್ತೆ ಹಿಡಿದು ನೇರ ಹೋಗುವವರಲ್ಲ. ಡಾಂಬರು ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಅವರ ಸವಾರಿ ಶುರು. ಕಾರ್ಗಲ್ಲಿನಿಂದ ಭಟ್ಕಳದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ, ಎಡಕ್ಕೋ ಬಲಕ್ಕೋ ತಿರುಗಿ, ಕಾನಿನ ನಡುವೆ, ಸೊಪ್ಪಿನ ಬೆಟ್ಟದ ಮಗ್ಗುಲಲ್ಲಿ, ನಮ್ಮ ತೋಟಗಳ ನೆತ್ತಿಯ ಮೇಲೆ ಹಾದುಹೋಗುವ ಮಣ್ಣಿನ ರಸ್ತೆಗಳನ್ನೇ ಹುಡುಕಿಕೊಂಡು ಬರುತ್ತಾರೆ. ಇದರ ಬಗ್ಗೆ ಸಂಘದ ಕಚೇರಿಗೆ ಅಡಿಕೆ ಮೂಟೆ ತಂದವರು ಜಗಲಿಯ ಮೇಲೆ ಕುಳಿತು ಆಡಿದ ಮಾತುಗಳನ್ನು ಬಹಳ ದಿನಗಳಿಂದ ಕೇಳುತ್ತಿದ್ದೇನೆ. ನನ್ನ ಅಭಿಪ್ರಾಯವನ್ನೂ ಇಲ್ಲಿ ಬರೆಯುವುದು ಯೋಗ್ಯವೆಂದು ತೋರಿತು. ಇದು ಆಡಳಿತ ಮಂಡಳಿಯ ನಿರ್ಣಯವಲ್ಲ, ಕಾರ್ಯದರ್ಶಿಯಾದವನೊಬ್ಬನ ಸ್ವಂತ ಅಭಿಪ್ರಾಯ ಮಾತ್ರ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇವರು ತುಳಿಯುವ ಸೈಕಲ್ಲಿಗೆ ಗ್ರಾವೆಲ್ ಬೈಕ್ ಎಂದು ಹೆಸರು. ಗ್ರಾವೆಲ್ ಎಂಬ ಶಬ್ದವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. "ನಮ್ಮ ಕೇರಿಗೆ ನಾಲ್ಕು ಲೋಡ್ ಗ್ರಾವೆಲ್ ಹಾಕಿಸಿ" ಎಂದು ಪಂಚಾಯಿತಿ ಸದಸ್ಯರ ಬೆನ್ನು ಹತ್ತದ ಬೆಳೆಗಾರ ನಮ್ಮ ಮೂರು ತಾಲೂಕುಗಳಲ್ಲಿ ಯಾರಿದ್ದಾರೆ? ಸೈಕಲ್ಲು ನೋಡಲು ಪಂದ್ಯದ ಸೈಕಲ್ಲಿನಂತೆಯೇ ಇರುತ್ತದೆ, ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿರುತ್ತದೆ. ಆದರೆ ಟೈರು ಅಗಲ, ನಲವತ್ತು ಮಿಲಿಮೀಟರಿನ ಆಸುಪಾಸು. ಗಾಳಿಯನ್ನೂ ಕಡಿಮೆಯೇ ತುಂಬಿಸುತ್ತಾರೆ, ಕಲ್ಲಿನ ಮೇಲೆ ಪುಟಿಯದೆ ಹಿಡಿದುಕೊಳ್ಳಲಿ ಎಂದು. ತೂಕ ಹತ್ತು ಹನ್ನೊಂದು ಕಿಲೋ. ಬೆಲೆ ಅರ್ಧ ಲಕ್ಷದಿಂದ ಆರಂಭವಾಗಿ ಹಲವು ಲಕ್ಷಗಳವರೆಗೆ ಹೋಗುತ್ತದೆಂದು ಕೇಳಿದಾಗ ನಮ್ಮಲ್ಲಿ ಕೆಲವರು ನಕ್ಕರು. ನಗುವುದಕ್ಕೆ ಕಾರಣವೂ ಇದೆ. ನಮ್ಮ ಬಾಲ್ಯದಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ತಂದ ಸೈಕಲ್ಲನ್ನು ಇದೇ ಏರುಗಳಲ್ಲಿ ಬೆವರಿಳಿಸಿ ತಳ್ಳಿಕೊಂಡು ಹೋದವರು ನಾವು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಧರೆಗೆ ಗುದ್ದಿ ನಿಲ್ಲಿಸಿದ್ದೂ ಉಂಟು. ಅದೇ ಏರಿಗೆ ಜನ ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತಾರೆಂದರೆ ಯಾರಿಗಾದರೂ ವಿಚಿತ್ರವೆನಿಸೀತು.

ವಿಚಿತ್ರವಾದರೂ ಇದು ಇಲ್ಲಿ ಮಾತ್ರ ಹುಟ್ಟಿದ ಹುಚ್ಚಲ್ಲ. ಅಮೆರಿಕದ ಕನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ 34 ಜನ ಸವಾರರು ಸುಮಾರು 320 ಕಿಲೋಮೀಟರ್ ಜಲ್ಲಿ ರಸ್ತೆಯಲ್ಲಿ ಪಂದ್ಯ ಕಟ್ಟಿದರು. ಇಂದು ಅದಕ್ಕೆ ಸಾವಿರಾರು ಜನ ಬರುತ್ತಾರೆ. ಅದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಇಟಲಿಯದು. ಅಲ್ಲಿನ ಟಸ್ಕನಿ ಪ್ರಾಂತ್ಯ ದ್ರಾಕ್ಷಿ ಮತ್ತು ಆಲಿವ್ ಬೆಳೆಗಾರರ ಗುಡ್ಡಸೀಮೆ. ತೋಟದಿಂದ ತೋಟಕ್ಕೆ ಹೋಗುವ ಅಲ್ಲಿನ ಸುಣ್ಣಕಲ್ಲಿನ ಬಿಳಿಯ ರಸ್ತೆಗಳಿಗೆ ಒಂದೊಂದಾಗಿ ಡಾಂಬರು ಬೀಳತೊಡಗಿದಾಗ, ಅವು ಉಳಿಯಬೇಕೆಂದು ಜಾನ್‌ಕಾರ್ಲೋ ಬ್ರೋಚ್ಚಿ ಎಂಬವರು 1997ರಲ್ಲಿ ಗಯೋಲೆ ಎಂಬ ಊರಿನಿಂದ ಹಳೆಯ ಕಾಲದ ಸೈಕಲ್ಲುಗಳ ಸವಾರಿಯೊಂದನ್ನು ಏರ್ಪಡಿಸಿದರು. ಮೊದಲ ವರ್ಷ ಬಂದವರು 92 ಜನ. ಅದಕ್ಕೆ ಎಲ್'ಎರೋಯಿಕಾ ಎಂದು ಹೆಸರು. ಅದೇ ರಸ್ತೆಗಳಲ್ಲಿ 2007ರಿಂದ ವೃತ್ತಿಪರರ ಪಂದ್ಯವೂ ನಡೆಯುತ್ತಿದೆ. ಈಗ ಅಲ್ಲಿ 209 ಕಿಲೋಮೀಟರಿನ ಒಂದು ಕಾಯಂ ದಾರಿಗೆ ಫಲಕ ನೆಟ್ಟಿದ್ದಾರೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು. ದಾರಿ ಯಾವುದು, ಎಲ್ಲಿ ತಿರುಗಬೇಕು, ಎಲ್ಲಿ ಊಟ ಸಿಗುತ್ತದೆ ಎಂಬುದನ್ನು ಆ ಸೀಮೆಯ ಜನರೇ ಗೊತ್ತುಮಾಡಿದ್ದಾರೆ ಎಂಬುದು ಇಲ್ಲಿ ಮುಖ್ಯ.

ಇದನ್ನು ಓದಿ "ಹಾಗಾದರೆ ನಾವೂ ಹಾಗೆಯೇ ಮಾಡೋಣ" ಎಂದು ಹೊರಡುವ ಉತ್ಸಾಹಿಗಳಿಗೆ ಒಂದು ಮಾತು. ಟಸ್ಕನಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಆಗುಂಬೆಯ ಒಂದು ಜುಲೈ ತಿಂಗಳ ಮಳೆಯ ಅರ್ಧಕ್ಕೂ ಅದು ಸಮನಾಗದು. ಅಲ್ಲಿ ಹಾಕಿದ ಜಲ್ಲಿ ಹಾಕಿದಲ್ಲೇ ಇರುತ್ತದೆ. ಇಲ್ಲಿ ಮೇ ತಿಂಗಳಲ್ಲಿ ಹಾಕಿದ ಗ್ರಾವೆಲ್ ಆಗಸ್ಟಿನ ಹೊತ್ತಿಗೆ ಕೆಳಗಿನವರ ಗದ್ದೆಯಲ್ಲಿರುತ್ತದೆ.

ನಮ್ಮಲ್ಲಿ ಈಗ ಎರಡು ಪಕ್ಷಗಳಾಗಿವೆ. ಒಂದು ಪಕ್ಷ, ಉಣಗೋಲು ಹಾಕಿ ಬೀಗ ಜಡಿಯಿರಿ ಎನ್ನುವವರದು. ತೋಟದಲ್ಲಿ ಅಡಿಕೆ ಬಿದ್ದಿರುತ್ತದೆ, ಕಾಳುಮೆಣಸು ಒಣಗಿಸಿರುತ್ತೇವೆ, ಮನೆಯಲ್ಲಿ ವಯಸ್ಸಾದವರಿಬ್ಬರೇ ಇರುತ್ತಾರೆ, ಗುರುತು ಪರಿಚಯವಿಲ್ಲದವರು ಬೆಟ್ಟದಲ್ಲಿ ಓಡಾಡುವುದು ಏಕೆ ಎಂಬುದು ಅವರ ಪ್ರಶ್ನೆ. ಇದನ್ನು ಅಂಜುಬುರುಕತನವೆಂದು ತಳ್ಳಿಹಾಕುವಂತಿಲ್ಲ. ಇನ್ನೊಂದು ಪಕ್ಷ, ಹೋಂ ಸ್ಟೇ ಕಟ್ಟಿ, ಫಲಕ ಹಾಕಿ, ಅಡಿಕೆಗಿಂತ ಇದೇ ಲಾಭ ಎನ್ನುವವರದು. ಈ ಎರಡನೆಯ ಪಕ್ಷದವರ ಲೆಕ್ಕದ ಬಗ್ಗೆ ಮುಂದೆ ಹೇಳುತ್ತೇನೆ. ನನ್ನ ಮಟ್ಟಿಗೆ ಎರಡೂ ಸರಿಯಲ್ಲ. ಬರುವವರನ್ನು ತಡೆಯಲು ನಮ್ಮಿಂದಾಗದು. ಬರುವವರ ದಾರಿಯನ್ನು ಗೊತ್ತುಮಾಡಲು ನಮ್ಮಿಂದಾದೀತು. ಅದನ್ನು ನಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ, ಈಗಾಗಲೇ ಮಾಡುತ್ತಿದ್ದಾರೆ.

ಹೇಗೆ ಮಾಡುತ್ತಿದ್ದಾರೆಂದರೆ, ಕೈಯಲ್ಲಿರುವ ಫೋನಿನಿಂದ. ಸ್ಟ್ರಾವಾ ಮೊದಲಾದ ಆ್ಯಪ್‌ಗಳಲ್ಲಿ ಒಬ್ಬ ಸವಾರ ಹೋದ ದಾರಿ ಗೆರೆಯಾಗಿ ದಾಖಲಾಗುತ್ತದೆ. ಅವನು ತಪ್ಪಿ ನಿಮ್ಮ ದಣಪೆ ದಾಟಿ ತೋಟದ ನಡುವೆ ಇಳಿದು, ಕಾಲುಸಂಕ ದಾಟಿ ಆಚೆ ಊರಿನ ರಸ್ತೆ ಸೇರಿದನೆನ್ನಿ. ಮುಂದಿನ ಭಾನುವಾರ ಬರುವ ಐವರು ಅದೇ ಗೆರೆ ಹಿಡಿದು ಬರುತ್ತಾರೆ. ಅವರ ಪಾಲಿಗೆ ಅದು ರಸ್ತೆ. ನಮ್ಮ ಸದಸ್ಯರೊಬ್ಬರ ಅಂಗಳಕ್ಕೆ ಹೀಗೆಯೇ ಬಂದವರು, ಅಟ್ಟದ ಕೆಳಗೆ ಹರವಿದ್ದ ಹಸಿ ಅಡಿಕೆ ರಾಶಿಯ ಮುಂದೆ ನಿಂತು, "ಮ್ಯಾಪಿನಲ್ಲಿ ದಾರಿ ಇದೆಯಲ್ಲ" ಎಂದರಂತೆ. ಅವರೂ ಸುಳ್ಳು ಹೇಳಲಿಲ್ಲ.

ಆದರೆ ಇಂಥ ಅನೇಕ ಆ್ಯಪ್‌ಗಳು ಬಳಸುವ ನಕಾಶೆಯ ಮೂಲ ಓಪನ್ ಸ್ಟ್ರೀಟ್ ಮ್ಯಾಪ್ ಎಂಬುದು. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಇದು ಯಾರ ಸ್ವತ್ತೂ ಅಲ್ಲ. ನಮ್ಮ ಊರಿನ ಓದಿದ ಹುಡುಗ ಹುಡುಗಿಯರು ಯಾರಾದರೂ ಹೆಸರು ನೋಂದಾಯಿಸಿ ಅದನ್ನು ತಿದ್ದಬಹುದು. ಒಂದು ಗೆರೆ ಖಾಸಗಿ ದಾರಿಯೆಂದೂ, ಇನ್ನೊಂದು ಪಂಚಾಯಿತಿ ರಸ್ತೆಯೆಂದೂ, ಮಗದೊಂದು ಕಾಲುದಾರಿ ಮಾತ್ರವೆಂದೂ ಅಲ್ಲಿ ಗುರುತು ಹಾಕಲು ಅವಕಾಶವಿದೆ. ಬೀಗಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಮರೆಯುವಂತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು ಮನೆ ಬಿಟ್ಟು ಎದ್ದು ಬಂದ ಕುಟುಂಬಗಳಲ್ಲಿ ಅನೇಕರಿಗೆ ತಾವು ಕೂತ ಭೂಮಿಯ ಹಕ್ಕುಪತ್ರ ಇಂದಿಗೂ ಕೈಗೆ ಬಂದಿಲ್ಲ. ಅರಣ್ಯವೋ ಕಂದಾಯವೋ ಎಂಬ ತಕರಾರಿನಲ್ಲಿ ಎರಡು ತಲೆಮಾರು ಕಳೆದಿದೆ. ಅಂಥವರಿಗೆ ನಕಾಶೆ ಎಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಅವರ ಮನೆಯ ಮುಂದಿನ ದಾರಿಯನ್ನು ಅವರನ್ನು ಕೇಳದೆ ಯಾರೂ ಗುರುತಿಸಕೂಡದು. ಬೇಡವೆಂದರೆ ಆ ದಾರಿ ಬೇಡ, ಅಷ್ಟೆ.

ಹಕ್ಕಿನ ಮಾತು ಬಂದದ್ದರಿಂದ ಇನ್ನೊಂದು ಭಯದ ವಿಚಾರ. "ಇಂದು ಸೈಕಲ್ ಬಿಟ್ಟರೆ ನಾಳೆ ನಮ್ಮ ಬೇಣದ ದಾರಿ ಸಾರ್ವಜನಿಕ ರಸ್ತೆಯಾಗಿಬಿಡುತ್ತದೆ" ಎಂದು ಹಿರಿಯ ಸದಸ್ಯರೊಬ್ಬರು ವಾದಿಸಿದರು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಬೇರೆಯವರ ಜಮೀನಿನಲ್ಲಿ ಓಡಾಡುವ ಹಕ್ಕು ಬಳಕೆಯಿಂದ ಹುಟ್ಟಬೇಕಾದರೆ, 20 ವರ್ಷ ಕಾಲ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕು ಎಂಬಂತೆ ಓಡಾಡಿರಬೇಕು. ಯಜಮಾನನ ಅನುಮತಿ ಪಡೆದು ಓಡಾಡಿದವನಿಗೆ ಎಷ್ಟು ವರ್ಷವಾದರೂ ಅಂಥ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ಸುಮ್ಮನೆ ಕಂಡೂ ಕಾಣದಂತಿರುವುದಕ್ಕಿಂತ, "ಈ ದಾರಿ ಖಾಸಗಿ ಸ್ವತ್ತು, ಯಜಮಾನರ ಅನುಮತಿಯ ಮೇಲೆ ಸೈಕಲ್ ಸವಾರರಿಗೆ ಪ್ರವೇಶ" ಎಂದು ಒಂದು ಹಲಗೆ ಬರೆಸಿ ಹಾಕುವುದು ನಮ್ಮ ಹಕ್ಕನ್ನು ಕಾಯುತ್ತದೆ. ತೋಟಕ್ಕೆ ಸಂಬಂಧಿಸಿದ ತಕರಾರು ಮೊದಲೇ ಇರುವವರು ತಮ್ಮ ವಕೀಲರನ್ನು ಕೇಳಿಯೇ ಮುಂದುವರಿಯುವುದು ಲೇಸು.

ಈಗೇಕೆ ಇಷ್ಟು ಅವಸರ ಎನ್ನಬಹುದು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಈ ಸೇತುವೆಗಾಗಿ ತುಮರಿ ಭಾಗದ ಜನ ದಶಕಗಳ ಕಾಲ ಕಾದಿದ್ದರು. ಅದು ಬಂದದ್ದು ನ್ಯಾಯವೇ ಆಯಿತು. ಅಲ್ಲಿಯವರೆಗೆ ಲಾಂಚು ಕೊನೆಯ ಬಾರಿ ದಾಟಿದ ಮೇಲೆ ಆಚೆ ದಡ ತನ್ನ ಪಾಡಿಗೆ ತಾನಿರುತ್ತಿತ್ತು. ಈಗ ಹಗಲು ರಾತ್ರಿ ಎನ್ನದೆ ವಾಹನ ಹೋಗುತ್ತದೆ. ಸಿಗಂದೂರಿಗೆ ಬಂದವರು ಅಲ್ಲಿಗೇ ನಿಲ್ಲುವುದಿಲ್ಲ, ಒಳದಾರಿಗಳಿಗೂ ಇಳಿಯುತ್ತಾರೆ. ಹೀಗಿರುವಾಗ ನಮ್ಮ ಮುಂದಿರುವ ಪ್ರಶ್ನೆ ಜನ ಬರಬೇಕೋ ಬೇಡವೋ ಎಂಬುದಲ್ಲ, ಯಾವುದರ ಮೇಲೆ ಕುಳಿತು ಬರಬೇಕು ಎಂಬುದು. ಕೊಡಚಾದ್ರಿಯ ಜೀಪಿನ ದಾರಿಯನ್ನು ಒಮ್ಮೆ ನೋಡಿದವರಿಗೆ ನಾಲ್ಕು ಚಕ್ರ ಒಂದು ಗುಡ್ಡಕ್ಕೆ ಏನು ಮಾಡಬಲ್ಲದೆಂದು ಗೊತ್ತು. ಸವಾರನೂ ಸೇರಿ ಒಂದು ಸೈಕಲ್ಲು ನೂರು ಕಿಲೋ ತೂಗುವುದಿಲ್ಲ. ಅದರಲ್ಲಿ ಬರುವವನು ಗುಂಡಿಯ ಮೇಲೆ ಹಾರಿಸುವುದಿಲ್ಲ, ಗುಂಡಿ ತಪ್ಪಿಸಿ ಹೋಗುತ್ತಾನೆ. ಸದ್ದಿಲ್ಲ, ಹೊಗೆಯಿಲ್ಲ, ಹೆಚ್ಚು ಹೊತ್ತುಕೊಳ್ಳಲಾಗದ್ದರಿಂದ ಕಸವೂ ಕಡಿಮೆ. ನಮ್ಮ ರಸ್ತೆ ಈಗ ಹೇಗಿದೆಯೋ ಹಾಗೇ ಸಾಕು ಎಂದು ಬರುವ ಪ್ರವಾಸಿ ಇವನೊಬ್ಬನೇ. ಉಳಿದವರೆಲ್ಲ ಮೊದಲು ಅಗಲ ಮಾಡಿ ಎನ್ನುತ್ತಾರೆ.

ಇನ್ನು ಕಾಲದ ವಿಚಾರ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, ಇದನ್ನೇ ಯಾರೂ ಆಡುತ್ತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಸೈಕಲ್ಲೂ ನಮ್ಮ ಮಣ್ಣಿನ ದಾರಿಗಳಲ್ಲಿ ಬರಕೂಡದು. ಹಸಿ ಮಣ್ಣಿನಲ್ಲಿ ಸೈಕಲ್ಲಿನ ಗಾಲಿಯೂ ಗೀರು ಕೊರೆಯುತ್ತದೆ, ಆ ಗೀರಿನಲ್ಲಿ ನೀರು ಹರಿದು ಅದೇ ಕೊರಕಲಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ರೋಗ. ಅಡಿಕೆಯ ಕೊಳೆರೋಗವಾಗಲಿ, ಮೆಣಸಿನ ಬಳ್ಳಿಯ ಸೊರಗು ರೋಗವಾಗಲಿ ಫೈಟಾಫ್ಥೊರಾ ಎಂಬ ಒಂದೇ ಕುಲದ ರೋಗಾಣುಗಳಿಂದ ಬರುವಂಥವು. ಸೊರಗು ರೋಗದ ಬೀಜಕಣಗಳು ಮಣ್ಣಿನಲ್ಲೇ ಇದ್ದು ನೀರು ಮಣ್ಣುಗಳ ಜತೆ ಸಾಗುತ್ತವೆ. ರೋಗ ಬಿದ್ದ ತೋಟದ ಕೆಸರು ಟೈರಿಗೆ ಮೆತ್ತಿಕೊಂಡು ಹತ್ತು ತೋಟ ದಾಟಿದರೆ? ಇದು ನನ್ನ ಕಲ್ಪನೆಯ ಭಯವಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮುಂಡಾ ಬಿಡ್ಡಿ ಎಂಬ ಸೈಕಲ್ ದಾರಿಯಿದೆ. ಆ ಹೆಸರಿಗೆ ಅಲ್ಲಿನ ಮೂಲನಿವಾಸಿಗಳಾದ ನ್ಯೂಂಗಾರರ ಭಾಷೆಯಲ್ಲಿ ಕಾಡಿನ ಮೂಲಕ ಹೋಗುವ ದಾರಿ ಎಂದರ್ಥ. ಮುಂಡಾರಿಂಗ್‌ನಿಂದ ಆಲ್ಬನಿಯವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ, 2013ರಲ್ಲಿ ಪೂರ್ಣವಾಯಿತು. ಇದೇ ಫೈಟಾಫ್ಥೊರಾ ಕುಲದ ಇನ್ನೊಂದು ಜಾತಿ ಆ ಸೀಮೆಯ ಕಾಡುಗಳನ್ನು ಒಣಗಿಸುತ್ತಿರುವುದರಿಂದ, ಬೂಟು ಮತ್ತು ಟೈರುಗಳ ಮಣ್ಣು ತೆಗೆದು ಮುಂದೆ ಹೋಗಬೇಕೆಂಬುದು ಅಲ್ಲಿನ ಕಾಡಿಗೆ ಹೋಗುವವರಿಗೆ ಮೊದಲ ಪಾಠ. ನಮ್ಮಲ್ಲಿ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳನ್ನು ಹೈರಾಣು ಮಾಡಿದೆ; ಅದು ಗಾಳಿ ಮಳೆಯಲ್ಲಿ ಹರಡುವ ಬೇರೆ ಜಾತಿಯ ರೋಗ, ಅದಕ್ಕೆ ಸೈಕಲ್ಲಿನವರನ್ನು ಹೊಣೆ ಮಾಡುವುದು ಬೇಡ. ಆದರೆ ಇರುವ ರೋಗಗಳೇ ಸಾಕಾಗಿರುವಾಗ ಹೊಸ ವಾಹಕವನ್ನು ನಾವೇ ಕರೆತರುವುದೂ ಬೇಡ.

ಮಳೆ ಮುಗಿದರೆ ದಾರಿ ಬಿಟ್ಟಿತು ಎನ್ನುವಂತಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯನ್ನು ಕಾರ್ಗಲ್ಲಿನ ಜನಕ್ಕೆ ಪರಿಚಯ ಮಾಡಿಕೊಡಬೇಕಾಗಿಲ್ಲ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಪಕ್ಕದ ಅರಳಗೋಡಿನಲ್ಲಿ ಏನಾಯಿತೆಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ, ಹೆಣ ಹೊತ್ತಿದ್ದೇವೆ. ಕಾಯಿಲೆ ತಾಗಿಸುವುದು ಉಣುಗು. ದರಗು ಬಿದ್ದ ಕಾಡುದಾರಿಯ ಅಂಚಿನಲ್ಲಿ ಸೈಕಲ್ ಒರಗಿಸಿ, ನೆಲದ ಮೇಲೆ ಕುಳಿತು ಬಾಳೆಹಣ್ಣು ತಿನ್ನುವ ಬೆಂಗಳೂರಿನ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಅವನು ಚಡ್ಡಿಯಲ್ಲಿರುತ್ತಾನೆ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಅಷ್ಟು ಹೊತ್ತಿಗೆ ಅವನು ತನ್ನ ಊರು ಸೇರಿರುತ್ತಾನೆ, ಅಲ್ಲಿನ ವೈದ್ಯರಿಗೆ ಇದು ಹೊಳೆಯುವುದೂ ಇಲ್ಲ. ನಮ್ಮವರಾದರೋ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ, ಬಂದ ಮೇಲೆ ಬಿಸಿನೀರು ಮೀಯುತ್ತಾರೆ, ಮಂಗ ಸತ್ತಲ್ಲಿಗೆ ಸುಳಿಯುವುದಿಲ್ಲ. ಅತಿಥಿಯಾಗಿ ಬಂದವನ ಜೀವಕ್ಕೆ ಅಪಾಯ ಇರುವುದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಚಹಾ ಮಾರುವುದು ನಮ್ಮ ಸೀಮೆಯ ನಡತೆಯಲ್ಲ. ಆದ್ದರಿಂದ ಡಿಸೆಂಬರ್ ಒಂದರಿಂದ ಮಳೆ ಹಿಡಿಯುವವರೆಗೆ ಕಾಡೊಳಗಿನ ದಾರಿಗಳು ಸೈಕಲ್ಲಿಗೆ ಬಂದ್ ಎಂದು ಬರೆದು ಹಾಕಬೇಕು. ಬಂದು ಹೋದವರೆಲ್ಲರಿಗೂ, ಎರಡು ವಾರದೊಳಗೆ ಜ್ವರ ಬಂದರೆ ಶರಾವತಿ ಕಣಿವೆಯ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಿ ಎಂಬ ಚೀಟಿ ಕೊಡಬೇಕು.

ಹೀಗೆ ಕಳೆಯುತ್ತ ಬಂದರೆ ಕಾಡುದಾರಿಗೆ ಉಳಿಯುವುದು ಅಕ್ಟೋಬರ್ ಮತ್ತು ನವೆಂಬರ್ ಎರಡೇ ತಿಂಗಳು. ಅದರಲ್ಲೂ ಹಿಂಗಾರು ಹಿಡಿದ ವರ್ಷ ಒಂದೂವರೆ. ಡಿಸೆಂಬರ್, ಜನವರಿಯಲ್ಲಿ ಊರೊಳಗಿನ ಬಯಲು ದಾರಿಗಳು, ಗದ್ದೆ ಬದಿಯ ರಸ್ತೆಗಳು ಮಾತ್ರ. ಈಗ ನಮ್ಮ ಹೋಂ ಸ್ಟೇ ಉತ್ಸಾಹಿಗಳ ಲೆಕ್ಕ ನೋಡೋಣ. ಎರಡು ತಿಂಗಳಿಗೆ ಎಂಟು ಭಾನುವಾರ. ಭಾನುವಾರಕ್ಕೆ ಹತ್ತು ಜನ ಬಂದರೆಂದು ಇಟ್ಟುಕೊಳ್ಳಿ, ರಸ್ತೆ ಕಾಣಿಕೆಯೆಂದು ತಲೆಗೆ ನೂರು ರೂಪಾಯಿ ತೆಗೆದುಕೊಂಡರೆ ಎಂಟು ಸಾವಿರ. ಊಟ ತಿಂಡಿಯ ಹಣ ಬೇರೆ, ಅದು ಅಡುಗೆ ಮಾಡಿದ ಮನೆಗೆ ಸೇರತಕ್ಕದ್ದು. ಎಂಟು ಸಾವಿರದಲ್ಲಿ ಒಂದಷ್ಟು ಟ್ರ್ಯಾಕ್ಟರ್ ಲೋಡ್ ಗ್ರಾವೆಲ್ ಬರುತ್ತದೆ, ಎರಡಾಳು ಎರಡು ದಿನ ಚರಂಡಿ ಬಿಡಿಸಬಹುದು. ಅದರಲ್ಲಿ ಯಾರ ಸಾಲವೂ ತೀರುವುದಿಲ್ಲ. ಇದಕ್ಕಾಗಿ ಬ್ಯಾಂಕಿನಲ್ಲಿ ಸಾಲ ಮಾಡಿ ಕಟ್ಟಡ ಕಟ್ಟಹೊರಟವರು ದಯವಿಟ್ಟು ಎರಡು ಬಾರಿ ಯೋಚಿಸಿ.

ಹಾಗಾದರೆ ಏಕೆ ಈ ಗೊಡವೆ? ರಸ್ತೆಗಾಗಿ. ನಮ್ಮ ಊರುಗಳೆಂದರೆ ಇಲ್ಲಿ ನಾಲ್ಕು ಮನೆ, ಹಳ್ಳದಾಚೆ ಮೂರು, ಗುಡ್ಡದ ಮೇಲೆ ಒಂದು. 2000ದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂದಾಗ ಬಯಲು ಸೀಮೆಯ ಅಳತೆಗೋಲು 500 ಜನಸಂಖ್ಯೆ. ಆ ಲೆಕ್ಕದಲ್ಲಿ ನಮ್ಮ ಎಷ್ಟೋ ಕೇರಿಗಳು ಊರೇ ಅಲ್ಲ. ಉದ್ಯೋಗ ಖಾತರಿಯಲ್ಲಿ ಅಲ್ಲಲ್ಲಿ ಒಂದಿಷ್ಟು ಕೆಲಸವಾದದ್ದುಂಟು. ಉಳಿದದ್ದೆಲ್ಲ ಶ್ರಮದಾನ, ಅದೂ ಮನೆಗೊಬ್ಬ ಗಂಡಾಳು ಸಿಗುತ್ತಿದ್ದ ಕಾಲಕ್ಕೆ. ಈಗ ಮಕ್ಕಳೆಲ್ಲ ಬೆಂಗಳೂರಿನಲ್ಲಿ. (ಹಾಗೆ ನೋಡಿದರೆ ಸೈಕಲ್ಲಿನಲ್ಲಿ ಬರುವವರಲ್ಲಿ ಕೆಲವರು ಅವರೇ.) ಸಣ್ಣ ಮೊತ್ತವಾದರೂ ವರ್ಷವರ್ಷ ಬರುವ ಒಂದು ದಾರಿ ನಿಧಿ ಇದ್ದರೆ, ಮೇ ತಿಂಗಳಲ್ಲಿ ಚರಂಡಿ ಬಿಡಿಸಿ, ರಸ್ತೆಯ ನಡು ಎತ್ತರ ಮಾಡಿ, ಇಳಿಜಾರಿನಲ್ಲಿ ಮೂವತ್ತು ನಲವತ್ತು ಹೆಜ್ಜೆಗೊಂದು ಅಡ್ಡಗಾಲುವೆ ತೆಗೆಯಬಹುದು. ಬಸಿಗಾಲುವೆ ಇಲ್ಲದ ಅಡಿಕೆ ತೋಟ ಹೇಗೋ ಚರಂಡಿಯಿಲ್ಲದ ಗ್ರಾವೆಲ್ ರಸ್ತೆ ಹಾಗೆ. ರಸ್ತೆ ಕೆಡುವುದು ಗಾಲಿಯಿಂದಲ್ಲ, ನೀರಿನಿಂದ.

ಇದರರ್ಥ ನಮ್ಮ ರಸ್ತೆಗಳೆಲ್ಲ ಮಣ್ಣಾಗಿಯೇ ಇರಲಿ ಎಂದಲ್ಲ. ಗರ್ಭಿಣಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತ ದಿನಗಳನ್ನು ಕಂಡವರು ಸವಾರರ ಮೋಜಿಗಾಗಿ ಕೆಸರನ್ನು ಉಳಿಸಿಕೊಳ್ಳುವಷ್ಟು ಉದಾರಿಗಳಲ್ಲ. ಮನೆಯಿಂದ ಮುಖ್ಯ ರಸ್ತೆಗೆ ಆಂಬುಲೆನ್ಸ್ ಬರುವ ದಾರಿ ಕಾಂಕ್ರೀಟ್ ಆಗಲೇಬೇಕು, ಅದಕ್ಕೆ ನಮ್ಮ ಅರ್ಜಿ ನಿಲ್ಲಬಾರದು. ಟಸ್ಕನಿಯವರು ಬಿಳಿ ರಸ್ತೆ ಉಳಿಸಿಕೊಂಡದ್ದು ಪಕ್ಕದಲ್ಲಿ ಒಳ್ಳೆಯ ಡಾಂಬರು ರಸ್ತೆ ಇದ್ದುದರಿಂದ. ನಾನು ಹೇಳುತ್ತಿರುವುದು ಮನೆಗಳಿಲ್ಲದ ಬೆಟ್ಟದ ದಾರಿ, ಊರಿಂದೂರಿಗೆ ಹೋಗುವ ಹಳೆಯ ಗಾಡಿದಾರಿಗಳ ಮಾತು. ಅವನ್ನು ಯಾರೂ ಕಾಂಕ್ರೀಟ್ ಮಾಡುವುದಿಲ್ಲ. ಮಾಡಿದರೂ ಗುತ್ತಿಗೆದಾರರಿಗೆ ಹೊರತು ನಮಗೆ ಪ್ರಯೋಜನವಿಲ್ಲ.

ಯಾವ ದಾರಿ ಎಂಬುದನ್ನು ನಾನೊಬ್ಬನೇ ಹೇಳುವುದು ತರವಲ್ಲ. ಆದರೂ ಕೆಲವು ಮಾತು. ಕಾರ್ಗಲ್ಲಿನ ಸುತ್ತಲಿನ ಕಾಡು 1972ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಅಭಯಾರಣ್ಯದ್ದು; 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕ ಅಭಯಾರಣ್ಯ ಮಾಡಿದ್ದಾರೆ, ಈಗ 930 ಚದರ ಕಿಲೋಮೀಟರ್. ಅದರೊಳಗಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾರಿಗೂ ಹೂಂ ಎನ್ನಬಾರದು. ಕಾನೂರು ಕೋಟೆಯ ಆಸೆ ಅನೇಕ ಸವಾರರಿಗಿದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಕೇಳಿದರೆ ಯಾರಿಗಾದರೂ ಹೋಗಬೇಕೆನಿಸುತ್ತದೆ, ಅವಳ ಕಾಲದ ಹೇರೆತ್ತುಗಳು ಮೆಣಸು ಹೊತ್ತು ಘಟ್ಟ ಇಳಿದ ಸೀಮೆಯಲ್ಲವೆ ಇದು! ಆದರೂ ಅದು ಇಲಾಖೆಯ ಬಾಗಿಲು. ತಳಕಳಲೆ, ಲಿಂಗನಮಕ್ಕಿ ಅಣೆಕಟ್ಟುಗಳ ಆವರಣ ವಿದ್ಯುತ್ ನಿಗಮದ್ದು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುವ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಬಳಿ ವಾಹನ ಓಡಿಸಿ ರೀಲ್ಸ್ ಮಾಡುವವರ ಸಾಲಿಗೆ ಸೈಕಲ್ಲಿನವರೂ ಸೇರುವುದು ನನಗಂತೂ ಇಷ್ಟವಿಲ್ಲ. ಅದು ಮುಳುಗಿದವರ ಮನೆ ಅಂಗಳ.

ಇವೆಲ್ಲ ಬಿಟ್ಟರೂ ದಾರಿಗಳಿಗೆ ಬರವಿಲ್ಲ. ಸೇತುವೆಯಾಚೆ ತುಮರಿ, ಬ್ಯಾಕೋಡು ಕಡೆಯ ಊರ ದಾರಿಗಳು, ಹೊಸನಗರದಲ್ಲಿ ನಗರ, ಸಂಪೆಕಟ್ಟೆ, ನಿಟ್ಟೂರಿನ ಒಳರಸ್ತೆಗಳು, ತೀರ್ಥಹಳ್ಳಿಯಲ್ಲಿ ಕವಲೇದುರ್ಗದ ಬುಡದ ಊರುಗಳು, ಕುಪ್ಪಳಿಯ ಸುತ್ತಿನ ಕಾಫಿ ಅಡಿಕೆ ತೋಟಗಳ ಸೀಮೆ. ಆಯಾ ಊರಿನ ಸದಸ್ಯರು ಕುಳಿತು, ಗ್ರಾಮ ನಕಾಶೆಯಲ್ಲಿ ರಸ್ತೆಯೆಂದು ಇರುವುದನ್ನು ಮಾತ್ರ ಮೊದಲು ಗುರುತಿಸಲಿ. ಖಾಸಗಿ ದಾರಿ ಸೇರಿಸಬೇಕಾದರೆ ಯಜಮಾನರ ಒಪ್ಪಿಗೆ ಬರಹದಲ್ಲಿರಲಿ.

ಬರುವವರಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಅಕ್ಟೋಬರ್, ನವೆಂಬರ್ ಎಂದರೆ ಕೊಯ್ಲು ಶುರುವಾಗಿರುತ್ತದೆ. ಮರದ ಮೇಲೆ ಕೊನೆಗಾರನಿದ್ದರೆ ಕೆಳಗೆ ನಿಂತು ಫೋಟೋ ತೆಗೆಯಬಾರದು. ನೇಣು ಹಿಡಿಯುವವನ ಗಮನ ಒಂದು ಕ್ಷಣ ತಪ್ಪಿದರೂ ಕಷ್ಟ. ತೆಗೆದ ಉಣಗೋಲನ್ನು ಹಾಗೇ ಮುಚ್ಚಿ ಹೋಗಬೇಕು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ. ನಾಯಿ ಬೊಗಳಿದರೆ ಸೈಕಲ್ ಇಳಿದು ನಡೆಯಬೇಕು. ಊಟ ಬೇಕಾದರೆ ಹಿಂದಿನ ದಿನವೇ ಹೇಳಬೇಕು, ನಮ್ಮ ಹೆಂಗಸರಿಗೆ ಅಡಿಕೆ ಸುಲಿಯುವ ಕಾಲದಲ್ಲಿ ಹತ್ತು ಜನರ ಅಡುಗೆ ಹಠಾತ್ತನೆ ಆಗುವುದಿಲ್ಲ. ಸಂಜೆ ಐದರ ಮೇಲೆ ಕಾಡುದಾರಿಯಲ್ಲಿ ಯಾರೂ ಇರಬಾರದು, ಕಾಡುಕೋಣಕ್ಕೆ ಹೆಲ್ಮೆಟ್ಟಿನ ಪರಿಚಯವಿಲ್ಲ. ನೀರು ಕೇಳಿದವರಿಗೆ ನೀರು ಬೆಲ್ಲ ಕೊಡುವುದು ಮಾತ್ರ ಹಿಂದಿನಿಂದ ಬಂದದ್ದು, ಅದಕ್ಕೆ ದರಪಟ್ಟಿ ಹಾಕಬೇಡಿ.

ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇತರೆ ವಿಷಯಗಳಡಿ ಚರ್ಚೆಗೆ ಇಡಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡಿದ್ದೇನೆ. ಉಣಗೋಲಿಗೆ ಬೀಗ ಎನ್ನುವವರೂ ತಪ್ಪದೆ ಬರಬೇಕು, ಅವರ ದಾರಿಗಳನ್ನು ಬಿಟ್ಟು ಗುರುತು ಹಾಕಲು ಅವರೇ ಬೇಕು. ಬರುವಾಗ ನಿಮ್ಮ ಊರಿನ ಗ್ರಾಮ ನಕಾಶೆಯ ಒಂದು ಪ್ರತಿ ತನ್ನಿ. ಮನೆಯಲ್ಲಿ ರಜೆಗೆ ಬಂದ ಮಕ್ಕಳಿದ್ದರೆ, ಫೋನಿನಲ್ಲಿ ನಿಮ್ಮ ತೋಟದ ಮೇಲೆ ಯಾವ ಗೆರೆ ಬಿದ್ದಿದೆಯೆಂದು ಅವರಿಂದ ಈಗಲೇ ನೋಡಿಸಿಟ್ಟುಕೊಳ್ಳಿ.